ನಲವತ್ತು ಚುಕ್ಕಿಯ ಮುಖ

ಚುಕ್ಕಿಯಕ್ಕನೂ ಅವಳ ಗಂಡನೂ ಹತ್ತೊಂಬತ್ತು ವರ್ಷದಿಂದ ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುತ್ತಿದ್ದರು. ತುಳಿಯುವುದು ಅವನ ಪಾಲು, ಹಿಂದೆ ಕೂತು ಎರಡು ಊಟದ ಡಬ್ಬಿ ಹಿಡಿದುಕೊಳ್ಳುವುದು ಅವಳ ಪಾಲು. ದಾರಿಯುದ್ದಕ್ಕೂ ಮಾತು. ಬಚ್ಚಲಿನ ನಲ್ಲಿ ಮತ್ತೆ ಸೋರುತ್ತಿದೆ, ನಿನ್ನ ಅಕ್ಕ ಮುಖ ಊದಿಸಿಕೊಂಡಿದ್ದಾಳೆ, ನಾಳೆ ನೀನೇ ಬೇಗ ಏಳು, ಹೀಗೆ. ಕಾರ್ಖಾನೆಯ ಗೇಟಿನ ಮುಂದೆ ನೆಲದ ಮೇಲೆ ಒಂದು ಬಿಳಿ ಗೆರೆ. ಅಲ್ಲಿಗೆ ಬಂದೊಡನೆ ಅವನು ಇಳಿದು, ಸೈಕಲ್ಲಿಗೆ ಬೀಗ ಹಾಕಿ, ಬೋಳುತಲೆಗೆ ಟೋಪಿ ಏರಿಸಿ, ಗೆರೆ ದಾಟಿ ನಿಂತು, ಗೇಟಿಗೆ ಫಲಕ ಬಂದಂದಿನಿಂದ, ಹೆಂಡತಿಯ ಕಡೆ ತಿರುಗಿ ಕೇಳುತ್ತಿದ್ದ:

"ಯಾರು ಬೇಕಾಗಿತ್ತು?"

"ನಾನು ಕಣ್ರೀ, ನಿಮ್ಮ ಹೆಂಡತಿ."

"ಅದು ಮನೇಲಿ. ಇಲ್ಲಿ ಫಲಕದಲ್ಲಿ ನಿಮ್ಮ ಮುಖ ಇಲ್ಲ."

ಗೆರೆಯಾಚೆ ಅವಳು 'ನೀನು', ಗೆರೆಯೀಚೆ 'ನೀವು'. ಅಷ್ಟರಮಟ್ಟಿಗೆ ನಿಯತ್ತಿನ ಮನುಷ್ಯ ಆ ಕಾವಲುಗಾರ. ಅವನ ನಿಯತ್ತಿಗಿಷ್ಟು ಬೆಂಕಿ ಹಾಕ ಎಂದು ಅವಳು ದಿನಾ ಮನಸ್ಸಿನಲ್ಲೇ ಬೈಯುತ್ತಿದ್ದಳು.

ಆದರೆ ಫಲಕ ಮಾಡಿದವಳು ಅವಳೇ, ಇನ್ನು ಯಾರನ್ನು ಬೈದು ಏನು ಪ್ರಯೋಜನ? ಅದು ತಕ್ಕಡಿ ತಯಾರಿಸುವ ಕಾರ್ಖಾನೆ. ಅಂಗಡಿಗಳಲ್ಲಿ ಹಸಿರು ಬೆಳಕಿನ ಪುಟ್ಟ ಪರದೆಯಲ್ಲಿ ತೂಕ ತೋರಿಸುವ ತಕ್ಕಡಿಗಳು. ಆ ಪರದೆಯ ಬೆನ್ನಿಗೆ ಅಂಟಿಕೊಂಡಿರುವ 'ಚಿಪ್ಪು' ಎಂಬ ಎಲೆಕ್ಟ್ರಾನಿಕ್ ಮಿದುಳಿಗೆ ಅಕ್ಷರ, ಅಂಕಿ ಹುಟ್ಟಿನಿಂದಲೇ ಗೊತ್ತು. ಅದಕ್ಕೆ ಗೊತ್ತಿಲ್ಲದ ಚಿತ್ರ ಬೇಕಾದರೆ ನಾವೇ ಕಲಿಸಬೇಕು: ಅಡ್ಡಕ್ಕೆ ಐದು ಚುಕ್ಕಿ, ಉದ್ದಕ್ಕೆ ಎಂಟು, ಒಟ್ಟು ನಲವತ್ತು. ಯಾವುದು ಹೊತ್ತಬೇಕು, ಯಾವುದು ಆರಿರಬೇಕು ಎಂದು ಒಂದೊಂದಾಗಿ ಹೇಳಿಕೊಡಬೇಕು. ಖಾಲಿ ತಟ್ಟೆ, ತುಂಬಿದ ತಟ್ಟೆ, ಮುಗಿಯುತ್ತಿರುವ ಬ್ಯಾಟರಿ, ಇಂಥವನ್ನೆಲ್ಲ ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಆಮೇಲೆ ಚಿಪ್ಪಿಗೆ ಕಲಿಸುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಅವಳಿಗೆ ಚುಕ್ಕಿಯಕ್ಕ ಎಂಬ ಹೆಸರು. ಗಂಡನೂ ಹಾಗೇ ಕರೆಯುತ್ತಿದ್ದ, ಗೆರೆಯಾಚೆ.

ಯಜಮಾನರಿಗೆ ಒಂದು ಬೆಳಿಗ್ಗೆ ಹೊಸ ಯೋಚನೆ ಬಂತು. ಅವರಿಗೆ ಯೋಚನೆ ಬಂದರೆ ಕಾರ್ಖಾನೆಗೆ ಜ್ವರ ಬಂದ ಹಾಗೆ. "ಗೇಟಿಗೊಂದು ಫಲಕ ಹಾಕೋಣ. ಬಂದವರು ತಮ್ಮ ಗುಂಡಿ ಒತ್ತಲಿ, ಅವರ ಮುಖ ಮೂಡಲಿ. ಯಾರು ಒಳಗಿದ್ದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು," ಎಂದರು. ಆಮೇಲೆ ಆದೇಶ ಬಂತು, ಗೇಟಿನ ಕಂಬಕ್ಕೆ ಅಂಟಿತು: ಫಲಕದಲ್ಲಿ ಮುಖವಿಲ್ಲದ ಯಾವ ವ್ಯಕ್ತಿಯೂ ಒಳಬರತಕ್ಕದ್ದಲ್ಲ. ವ್ಯಕ್ತಿಯ ಮುಖವು ಫಲಕದ ಮುಖಕ್ಕೆ ಹೊಂದತಕ್ಕದ್ದು.

ಹೊಂದತಕ್ಕದ್ದು ಎಂದರೆ ಸಾಮಾನ್ಯವೇ? ಬಣ್ಣ ಬಳಿಯುವವನ ಹೆಂಡತಿ ಮೀಸೆ ತೆಗೆಸು ಎಂದು ಎಷ್ಟು ಗೋಗರೆದರೂ ಅವನು ತೆಗೆಸುವಂತಿರಲಿಲ್ಲ, ಏಕೆಂದರೆ ಮೀಸೆಗೆ ಮೂರು ಚುಕ್ಕಿ ಹೋಗಿತ್ತು. ಪತ್ರ ಬರೆಯುವ ಗುಮಾಸ್ತನಿಗೆ ಕಣ್ಣಿನ ಚಿಕಿತ್ಸೆಯಾಗಿ ಕನ್ನಡಕವೇ ಬೇಡವಾಯಿತು. ಪಾಪ, ಅವನು ಗಾಜಿಲ್ಲದ ಚೌಕಟ್ಟು ಏರಿಸಿಕೊಂಡು ಬರುತ್ತಿದ್ದ. ಕಾವಲುಗಾರನೂ ಇದಕ್ಕೆ ಹೊರತಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ತನ್ನ ಗುಂಡಿ ಒತ್ತಿ, ಸೈಕಲ್ಲಿನ ಕನ್ನಡಿಯಲ್ಲಿ ತನ್ನ ಮುಖವನ್ನೊಮ್ಮೆ, ಫಲಕದ ಮುಖವನ್ನೊಮ್ಮೆ ನೋಡಿ, "ಸರಿ, ಹೋಗಿ," ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುತ್ತಿದ್ದ. ಅವನ ಚಿತ್ರದಲ್ಲಿ ಟೋಪಿಯ ಕೆಳಗೆ ಬಾಯಿಯ ಬಲತುದಿ ಒಂದು ಚುಕ್ಕಿಯಷ್ಟು ಮೇಲಕ್ಕೆದ್ದಿತ್ತು. ಹಾಗಾಗಿ ಕೆಲಸದ ಹೊತ್ತಿನಲ್ಲೆಲ್ಲ ಅವನು ಬಲಗಡೆಯಿಂದ ಮಾತ್ರ ನಗುತ್ತಿರಬೇಕಾಗಿತ್ತು. ನಗುತ್ತಲೇ ಹೆಂಡತಿಯನ್ನು ತಡೆಯುತ್ತಿದ್ದ.

ಅವಳ ಮುಖ ಯಾಕಿಲ್ಲ ಎಂದರೆ, ಫಲಕ ಮಾಡಿದ್ದು ತಕ್ಕಡಿಯ ಪರದೆಯಿಂದಲೇ, ಅದರ ಚಿಪ್ಪು ಕಲಿಯುವುದು ಎಂಟೇ ಚಿತ್ರ. ಅದರ ತಲೆಯಲ್ಲಿರುವುದು ಎಂಟೇ ಖಾನೆ, ಒಂಬತ್ತನೆಯದಕ್ಕೆ ಜಾಗವಿಲ್ಲ. ಕಾರ್ಖಾನೆಯಲ್ಲಿ ಜನ ಒಂಬತ್ತು. ಚುಕ್ಕಿಯಕ್ಕ ಮೊದಲನೆಯ ಖಾನೆಗೆ ಯಜಮಾನರನ್ನು ಇಟ್ಟಳು, ಎರಡನೆಯದಕ್ಕೆ ಉಗ್ರಾಣ ನೋಡಿಕೊಳ್ಳುವ ಅವರ ತಂಗಿಯನ್ನು, ಹೀಗೆ ಒಬ್ಬೊಬ್ಬರನ್ನೇ ಕೂರಿಸುತ್ತ ಬಂದು, ಎಂಟನೆಯದಕ್ಕೆ ಗಂಡನನ್ನಿಟ್ಟು, ಉಸ್ಸಪ್ಪಾ ಎಂದು ಬೆನ್ನು ನೆಟ್ಟಗೆ ಮಾಡಿದಳು. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಗೆ ಕೈ ಹಾಕಿದವಳ ಕಥೆಯಾಯಿತು.

"ಇನ್ನೊಂದು ಫಲಕ ಪಕ್ಕಕ್ಕೆ ಹಾಕ್ತೀನಿ, ಉಗ್ರಾಣದಲ್ಲಿ ಇನ್ನೂರು ಪರದೆ ಬಿದ್ದಿವೆ," ಎಂದು ಕೇಳಿದಳು.

"ಒಂದು ಕಂಪನಿಗೆ ಒಂದೇ ಫಲಕ ಕಣಮ್ಮ," ಎಂದರು ಯಜಮಾನರು, ತಾಳ್ಮೆಯಿಂದಲೇ. "ಎರಡು ಹಾಕಿದ್ರೆ ಎರಡು ಕಂಪನಿ ಆಗಿಬಿಡತ್ತೆ. ಇನ್ನೊಂದಕ್ಕೆ ಯಜಮಾನರನ್ನ ಎಲ್ಲಿಂದ ತರೋದು?"

ವ್ಯಕ್ತಿಯಾಗಿ ಬರುವಂತಿಲ್ಲ ಎಂದ ಮೇಲೆ ಉಳಿದದ್ದು ಒಂದೇ ದಾರಿ. ಗೇಟಿನ ಎಡಕ್ಕೆ ಸರಕಿನ ಬಾಗಿಲಿತ್ತು. ಒಳಹೋಗುವ ಪ್ರತಿ ವಸ್ತುವನ್ನೂ ಅಲ್ಲಿ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿ, ತೂಗಿ, ಚೀಟಿ ಹರಿಯಬೇಕು. ಕಾವಲುಗಾರ ದಿನಾ ಹೆಂಡತಿಯನ್ನು ತೂಗಿ ಚೀಟಿ ಬರೆಯತೊಡಗಿದ. ವಸ್ತು: ಚುಕ್ಕಿಯಕ್ಕ. ಸಂಖ್ಯೆ: ಒಂದು. ಸ್ಥಿತಿ: ಚೆನ್ನಾಗಿದೆ. ತೂಕ: ಐವತ್ತೆಂಟು ಕಿಲೋ ಇನ್ನೂರು ಗ್ರಾಂ, ಡಬ್ಬಿ ಸಮೇತ. ಕೊನೆಗೆ 'ಯಾವುದಕ್ಕೆ ಜೋಡಣೆ' ಎಂಬ ಕಾಲಂ ಇತ್ತು. ಬಂದ ಸ್ಪ್ರಿಂಗು ಯಾವ ತಕ್ಕಡಿಗೆ, ಬಂದ ತಿರುಪು ಯಾವ ತಕ್ಕಡಿಗೆ ಎಂದು ಬರೆಯಲು. ಅದನ್ನು ಮಾತ್ರ ಅವನು ಖಾಲಿ ಬಿಡುತ್ತಿದ್ದ.

"ಅಲ್ಲೂ ಏನಾದ್ರೂ ಗೀಚಿ," ಎಂದಳು ಅವಳು.

"ಗೀಚಿದ್ರೆ ಆ ತಕ್ಕಡಿ ಜೊತೆ ನಿಮ್ಮನ್ನೂ ಪೆಟ್ಟಿಗೆಗೆ ಹಾಕಿ ಕಳಿಸ್ತಾರೆ," ಎಂದ ಅವನು, ಬಲಗಡೆಯಿಂದ ನಗುತ್ತ.

ಸಂಜೆ ಹೊರಡುವಾಗ ಮತ್ತೆ ತೂಕ. ಬಂದಷ್ಟೇ ಹೋಗಬೇಕು. ಡಬ್ಬಿಯಲ್ಲಿದ್ದದ್ದು ಹೊಟ್ಟೆಗೆ ಹೋದರೆ ತೂಕ ಅಲ್ಲಿಂದಲ್ಲಿಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಆದರೆ ಒಂದು ದಿನ ಯಜಮಾನರ ತಂಗಿ ಪ್ರೀತಿಯಿಂದ ಎರಡು ಬಾಳೆಹಣ್ಣು ತಿನ್ನಿಸಿದಳು. ಅದೇ ಗ್ರಹಚಾರವಾಯಿತು.

"ಇನ್ನೂರ ನಲವತ್ತು ಗ್ರಾಂ ಕಂಪನಿ ಮಾಲು ಹೊರಗೆ ಹೋಗ್ತಿದೆ," ಎಂದು ಕಾವಲುಗಾರ ಅಡ್ಡ ನಿಂತ.

"ಹೊಟ್ಟೇಲಿರೋ ಹಣ್ಣನ್ನ ಏನ್ ಮಾಡ್ಲಿ, ಕಕ್ಕಲಾ?"

"ಅದು ನಿಮಗೆ ಬಿಟ್ಟಿದ್ದು."

ಅವಳು ಚಪ್ಪಲಿ ಬಿಚ್ಚಿ ಒಳಗೆಸೆದಳು. ತೂಕ ಸರಿಹೋಯಿತು. ಬರಿಗಾಲಲ್ಲಿ ಸೈಕಲ್ಲು ಹತ್ತಿ, ಕಾಯಿಪಲ್ಲೆ ಕೊಳ್ಳಲು ಬರಿಗಾಲಲ್ಲೇ ಇಳಿದು, ಸುಡುವ ಟಾರಿನ ಮೇಲೆ ಕುಣಿಯುತ್ತ ನಡೆದು ಮನೆ ಸೇರಿದಳು. ಮನೆಯಲ್ಲಿ ಗಂಡ ತಾನೇ ಬಿಸಿನೀರು ಕಾಯಿಸಿ, ಉಪ್ಪು ಹಾಕಿ, ಅವಳ ಕಾಲನ್ನು ಬೇಸಿನ್ನಿನಲ್ಲಿಟ್ಟು ಮೆತ್ತಗೆ ಒತ್ತಿದ. "ಎಂಥ ಕಲ್ಲೆದೆಯವನಪ್ಪ ನಿಮ್ಮ ಕಾರ್ಖಾನೆ ಕಾವಲುಗಾರ," ಎಂದು ನಿಜವಾಗಿಯೂ ನೊಂದುಕೊಂಡು ಬೈದ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೇಬಿಟ್ಟಳು.

ಹೀಗೆ ಇಪ್ಪತ್ತೈದು ದಿನ ನಡೆದ ಮೇಲೆ, ಒಂದು ಸೋಮವಾರ ಯಜಮಾನರು ಅವಳನ್ನು ಕರೆಸಿದರು. ಮೇಜಿನ ಮೇಲೆ ಇಪ್ಪತ್ತೈದು ಚೀಟಿಗಳು ಒಂದರ ಮೇಲೊಂದು ಕೂತಿದ್ದವು.

"ನಿನ್ನ ಮೇಲೆ ಕೋಪ ಏನಿಲ್ಲಮ್ಮ. ಆದ್ರೆ ನೋಡು, ಇಷ್ಟು ದಿನದಿಂದ ಒಂದು ವಸ್ತು ಬರ್ತಿದೆ, ಹೋಗ್ತಿದೆ, ಯಾವುದಕ್ಕೂ ಜೋಡಣೆ ಆಗಿಲ್ಲ. ನಿಯಮದ ಪ್ರಕಾರ ಮೂವತ್ತು ದಿನ ಆದ್ರೆ ಅದು ನಿರುಪಯುಕ್ತ ಸರಕು. ಹೊರಗೆ ಹಾಕಬೇಕು, ಮತ್ತೆ ತಗೋಬಾರದು. ಶನಿವಾರಕ್ಕೆ ಮೂವತ್ತು."

"ನಾನು ಹತ್ತೊಂಬತ್ತು ವರ್ಷದಿಂದ ಇಲ್ಲಿದೀನಿ."

"ವ್ಯಕ್ತಿಯಾಗಿ," ಎಂದರು ಯಜಮಾನರು. "ಮುಖ ಇದ್ರೆ ಇವತ್ತೇ ವ್ಯಕ್ತಿಯಾಗಿ ಬಾ. ಯಾರು ಬೇಡ ಅಂದ್ರು?"

ಈ ಕೆಲಸ ಬಿಟ್ಟರೆ ಚುಕ್ಕಿಯಕ್ಕನಿಗೆ ಬೇರೆ ಬರುತ್ತಿರಲಿಲ್ಲ, ಬೇರೆ ಬೇಕಾಗಿಯೂ ಇರಲಿಲ್ಲ. ಎಲ್ಲೋ ಯಾವುದೋ ಅಂಗಡಿಯಲ್ಲಿ ತಕ್ಕಡಿಯ ಮೂಲೆಯಲ್ಲಿ ತಾನು ಬರೆದ ಖಾಲಿ ತಟ್ಟೆ ಮಿನುಗುವುದನ್ನು ಕಂಡರೆ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಮಂಗಳವಾರ ಅವಳು ಬೆಸುಗೆ ಹಾಕುವವನನ್ನೂ ಪೆಟ್ಟಿಗೆ ಕಟ್ಟುವವನನ್ನೂ ಒಂದೇ ಖಾನೆಗೆ ಸೇರಿಸಿ ನೋಡಿದಳು. ಅವರು ಅಣ್ಣತಮ್ಮಂದಿರು, ಒಂದೇ ಅಚ್ಚು. ನಲವತ್ತು ಚುಕ್ಕಿಯಲ್ಲಿ ಇಬ್ಬರಿಗೂ ವ್ಯತ್ಯಾಸ ಒಂದೇ ಚುಕ್ಕಿ. ಒಬ್ಬರ ಖಾನೆ ಉಳಿದರೆ ಅದು ತನಗೆ ಎಂಬುದು ಅವಳ ಲೆಕ್ಕಾಚಾರ. ಬುಧವಾರ ಅಣ್ಣ ಮೊದಲು ಬಂದು ಒಳಹೋದ. ಐದು ನಿಮಿಷಕ್ಕೆ ತಮ್ಮ ಬಂದು ಗುಂಡಿ ಒತ್ತಿದ.

"ನೀವು ಆಗಲೇ ಒಳಗಿದೀರಿ," ಎಂದ ಕಾವಲುಗಾರ.

"ಅದು ನಮ್ಮಣ್ಣ ಕಣಪ್ಪ!"

"ಮುಖ ಒಳಗಿದೆ. ಮುಖ ಒಳಗಿದ್ದು ದೇಹ ಹೊರಗಿದ್ರೆ ನಾನು ಉತ್ತರ ಕೊಡಬೇಕಾಗತ್ತೆ."

ತಮ್ಮ ಮಧ್ಯಾಹ್ನದವರೆಗೆ ಹೊರಗೆ ಕೂತ. ಅಣ್ಣನಿಗೆ ಇಬ್ಬರ ಕೆಲಸವೂ ಬಿತ್ತು. ಊಟದ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಮುಖ ಯಾರದು ಎಂದು ಶುರುವಾದ ಮಾತು, ಚಿಕ್ಕಂದಿನಲ್ಲಿ ಅಮ್ಮ ಯಾರಿಗೆ ಹೊಸ ಅಂಗಿ ಹೊಲಿಸಿದಳು ಎಂಬಲ್ಲಿಗೆ ಹೋಗಿ ಕೊರಳಪಟ್ಟಿ ಹಿಡಿಯುವಲ್ಲಿ ಮುಗಿಯಿತು. ಅವಳು ಕೈಮುಗಿದು ಇಬ್ಬರ ಮುಖವನ್ನೂ ಅವರವರಿಗೆ ಹಿಂತಿರುಗಿಸಿದಳು.

ಗುರುವಾರ ಸಂಜೆ ಮನೆಯಲ್ಲಿ ಗಂಡನನ್ನೇ ಕೇಳಿದಳು. "ಏನ್ರೀ, ಆ ಕಾವಲುಗಾರನಿಗೆ ನೀವಾದ್ರೂ ಒಂದು ಮಾತು ಹೇಳಬಾರ್ದಾ?"

ಅವನು ಸೋರುವ ನಲ್ಲಿಗೆ ದಾರ ಸುತ್ತುತ್ತಿದ್ದ. ತುಂಬಾ ಹೊತ್ತು ಸುತ್ತಿದ. "ಹೇಳ್ತಾನೇ ಇದೀನಿ," ಎಂದ. "ಅವನು ಏನೋ ಮುಚ್ಚಿಟ್ಟುಕೊಂಡಿದಾನೆ ಕಣೇ. ಬಾಯಿ ಬಿಡ್ತಿಲ್ಲ."

ಶುಕ್ರವಾರ ಅವಳಿಗೆ ಹಟ ಹುಟ್ಟಿತು. ಎಂಟೇ ಖಾನೆ ಅಂತ ಹೇಳಿದವರು ಯಾರು? ಚಿಪ್ಪಿನ ಜೊತೆ ಬಂದ ಕಾಗದ. ಕಾಗದ ಹೇಳಿದ್ದನ್ನೆಲ್ಲ ನಂಬಿಕೊಂಡು ಕೂರುವುದಕ್ಕೆ ತಾನೇನು ಕಾವಲುಗಾರನೇ? ಚೌಕುಳಿ ಕಾಗದ ತೆಗೆದು ತನ್ನ ಮುಖ ಬರೆದಳು. ನಡುಬೈತಲೆಗೆ ಮೇಲಿನ ಸಾಲಿನ ಮಧ್ಯದ ಚುಕ್ಕಿ ಆರಿಸಿದಳು. ಕಣ್ಣಿಗೆ ಎರಡು. ಎಡಗೆನ್ನೆಯ ಮಚ್ಚೆಗೆ ಒಂದು. ಬಾಯಿಯನ್ನು ನಾಲ್ಕು ಸಲ ಅಳಿಸಿ ಬರೆದಳು. ಯಾರ ಬಾಯಿಗೂ ಅವಳು ಅಷ್ಟು ರಬ್ಬರು ಸವೆಸಿರಲಿಲ್ಲ, ಗಂಡನ ಬಾಯಿಯೊಂದನ್ನು ಬಿಟ್ಟು. ಆಮೇಲೆ ಕಣ್ಣು ಮುಚ್ಚಿಕೊಂಡು, ಇಲ್ಲದ ಒಂಬತ್ತನೆಯ ಖಾನೆಗೆ ಆ ಮುಖವನ್ನು ಕಲಿಸಿಬಿಟ್ಟಳು.

ಶನಿವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಫಲಕದ ಚಿಪ್ಪಿಗೆ ಹೊಸ ಪ್ರೋಗ್ರಾಮು ತುಂಬಿ, ತನ್ನ ಗುಂಡಿ ಒತ್ತಿದಳು. ಹಸಿರು ಬೆಳಕಿನಲ್ಲಿ ಅವಳ ಮುಖ ಮೂಡಿತು. ನಡುಬೈತಲೆ, ಮಚ್ಚೆ, ಎಲ್ಲ ಸರಿಯಾಗಿ. ಕಾವಲುಗಾರ ಫಲಕ ನೋಡಿದ, ಅವಳನ್ನು ನೋಡಿದ, ಮತ್ತೆ ಫಲಕ ನೋಡಿದ. ಅಂಗೈಯಗಲದ ಆ ಪರದೆಯನ್ನು ಅವನು ಅಷ್ಟು ಹೊತ್ತು ಯಾಕೆ ನೋಡಿದನೋ.

"ಬನ್ನಿ," ಎಂದು ಗೇಟು ಪೂರ್ತಿ ತೆರೆದು ಸಲಾಮು ಹೊಡೆದ. ಅವಳು ಸೆರಗು ಕೊಡವಿಕೊಂಡು ಮಹಾರಾಣಿಯ ಹಾಗೆ ಒಳಹೋದಳು.

ಮಹಾರಾಣಿತನ ಕಾಲು ಗಂಟೆ ಇತ್ತು. ಆಮೇಲೆ ಯಜಮಾನರು ಬಂದು ತಮ್ಮ ಗುಂಡಿ ಒತ್ತಿದರು. ಫಲಕದಲ್ಲಿ ಇನ್ನೊಬ್ಬ ಚುಕ್ಕಿಯಕ್ಕ ಮೂಡಿದಳು.

ಆಗಿದ್ದಿಷ್ಟೆ. ಗಡಿಯಾರ ಹನ್ನೆರಡಾದ ಮೇಲೆ ಹದಿಮೂರು ಹೊಡೆಯುವುದಿಲ್ಲ, ಮತ್ತೆ ಒಂದೇ ಹೊಡೆಯುತ್ತದೆ. ಆ ಚಿಪ್ಪೂ ಹಾಗೇ. ಒಂಬತ್ತನೆಯ ಖಾನೆಗೆ ಬರೆ ಎಂದರೆ ಇಲ್ಲ ಎನ್ನುವ ಧೈರ್ಯವಿಲ್ಲದೆ ತೆಪ್ಪಗೆ ಮೊದಲನೆಯದಕ್ಕೇ ಬರೆದುಬಿಡುತ್ತದೆ. ಮೊದಲನೆಯ ಖಾನೆಯಲ್ಲಿ ಯಜಮಾನರಿದ್ದರು. ಈಗ ಇರಲಿಲ್ಲ.

"ಮುಖ ಹೊಂದ್ತಿಲ್ಲ," ಎಂದ ಕಾವಲುಗಾರ.

"ನಾನು ಯಜಮಾನ ಕಣಯ್ಯ!"

"ಇರಬಹುದು. ಆದ್ರೆ ನಿಮಗೆ ಮಚ್ಚೆ ಇಲ್ಲ, ಬೈತಲೆ ಇಲ್ಲ. ಮೇಲಾಗಿ ಇವರು ಆಗಲೇ ಒಳಗಿದಾರೆ."

ಯಜಮಾನರು ಕೆಂಡಾಮಂಡಲವಾಗಿ ಕಂಬದ ಕಡೆ ನೋಡಿದರು. ಅಲ್ಲಿ ಅವರದೇ ಆದೇಶ, ಅವರದೇ ಸಹಿ. ಅವರಲ್ಲಿ ಎಷ್ಟೇ ಕುಂದಿದ್ದರೂ ಆಡಿದ ಮಾತಿಗೆ ತಪ್ಪುವವರಲ್ಲ. ತಾವಾಗಿಯೇ ಹೋಗಿ ಸರಕಿನ ತಕ್ಕಡಿ ಹತ್ತಿದರು. ಎಂಬತ್ತನಾಲ್ಕು ಕಿಲೋ ಆರುನೂರು. "ತಕ್ಕಡಿ ಸರಿಯಾಗಿದೆ," ಎಂದು ಮೆಚ್ಚಿಕೊಂಡರು. ಚೀಟಿ ಬರೆಯುತ್ತಿದ್ದ ಅವರ ತಂಗಿ ಕೊನೆಯ ಕಾಲಮಿಗೆ ಬಂದು ತಲೆಯೆತ್ತಿದಳು.

"ಅಣ್ಣಾ, ಯಾವುದಕ್ಕೆ ಜೋಡಣೆ?"

ಯಜಮಾನರು ತಕ್ಕಡಿಯ ಮೇಲೆಯೇ ನಿಂತು ಯೋಚಿಸಿದರು. ತಿರುಪು ಅವರು ಹಾಕುತ್ತಿರಲಿಲ್ಲ, ಬೆಸುಗೆ ಅವರದಲ್ಲ, ಬಣ್ಣ ಬೇರೆಯವನದು. "ಖಾಲಿ ಬಿಡು," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. ಚುಕ್ಕಿಯಕ್ಕನಿಗೆ ಅವರನ್ನು ಕಂಡು ಅಯ್ಯೋ ಅನ್ನಿಸಿತು. ಅಷ್ಟೂ ದಿನ ತನ್ನ ಚೀಟಿಯಲ್ಲಿ ಆ ಖಾಲಿ ಜಾಗ ಹೇಗೆ ಚುಚ್ಚುತ್ತಿತ್ತು ಎಂಬುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು?

ಆದರೆ ಅಯ್ಯೋ ಅನ್ನಿಸಿದ್ದರಿಂದ ಅವಳಿಗೇನೂ ಉಪಯೋಗವಾಗಲಿಲ್ಲ. ಹತ್ತು ಗಂಟೆಗೆ ಯಜಮಾನರು ಎಲ್ಲರನ್ನೂ ಗೇಟಿಗೆ ಕರೆದರು.

"ಮಧ್ಯಾಹ್ನದೊಳಗೆ ನನ್ನ ಮುಖ ನನಗೆ ಬೇಕು. ಚುಕ್ಕಿಯಕ್ಕನದು ತೆಗೀಬೇಕು. ಖಾನೆ ಎಂಟೇ. ಅವಳ ಲೆಕ್ಕ ಇವತ್ತಿಗೆ ಮೂವತ್ತು ದಿನ ಆಯ್ತು," ಎಂದು ನಿಟ್ಟುಸಿರು ಬಿಟ್ಟರು. "ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿ."

ಗುಮಾಸ್ತ ಗಾಜಿಲ್ಲದ ಕನ್ನಡಕ ಒರೆಸಿದ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವರವರ ಮುಖ ಗಟ್ಟಿಯಾಗಿ ಹಿಡಿದುಕೊಂಡರು. ಚುಕ್ಕಿಯಕ್ಕ ಅಳಿಸುವುದಕ್ಕೆಂದು ಫಲಕದ ತಂತಿಗೆ ಕೈಹಾಕಿದಳು.

"ತಾಳು," ಎಂದ ಕಾವಲುಗಾರ.

ಗೆರೆಯ ಈಚೆಗೆ ನಿಂತು 'ತಾಳು' ಎಂದಿದ್ದ. 'ತಾಳಿ' ಎಂದಿರಲಿಲ್ಲ. ಅವನ ಬಲಗಡೆಯ ನಗುವೂ ಇಳಿದುಹೋಗಿತ್ತು.

"ಎಂಟನೇದು ತೆಗಿ. ನನ್ನದು."

"ನಿಮ್ಮದ್ಯಾಕ್ರೀ?"

"ನಾನು ಕಾಯೋದು ಹೊರಗಡೆ. ಒಳಗೆ ಬರೋದು ಊಟದ ಅರ್ಧ ಗಂಟೆ ಮಾತ್ರ. ನನ್ನ ಮುಖ ನೋಡಿ ನನ್ನ ಒಳಗೆ ಬಿಡೋನೂ ನಾನೇ. ಆ ಖಾನೆ ಮೊದಲ ದಿನದಿಂದಾನೂ ದಂಡ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನನಗೆ ಗೊತ್ತಿತ್ತು ಕಣೇ. ಹೇಳಲಿಲ್ಲ."

"ಗೊತ್ತಿದ್ದೂ ಮೂವತ್ತು ದಿನ ನನ್ನನ್ನ ಮೂಟೆ ಹಾಗೆ ತೂಗಿದ್ರಾ?" ಅವಳಿಗೆ ರೇಗಿ ಕಣ್ಣಲ್ಲಿ ನೀರು ಬಂತು. "ಮನುಷ್ಯರಾ ನೀವು?"

"ನಾನು ಹಂಗೆ ನಗ್ತೀನಿ ಅಂತ ನನಗೆ ಗೊತ್ತಿರಲಿಲ್ಲ," ಎಂದ ಅವನು, ನೆಲ ನೋಡುತ್ತ. "ನಮ್ಮನೇಲಿ ನನ್ನ ಒಂದು ಫೋಟೊ ಇದೆಯಾ, ಹೇಳು? ಮದುವೇದು ಒಂದು, ಅದರಲ್ಲೂ ಹೆದರಿಕೊಂಡು ನಿಂತಿದೀನಿ. ನೀನು ನನ್ನ ಹಿಂಗೆ ನೋಡ್ತೀಯಾ ಅಂತ ಫಲಕದಲ್ಲೇ ಮೊದಲು ನೋಡಿದ್ದು. ದಿನಾ ಬೆಳಿಗ್ಗೆ ಗುಂಡಿ ಒತ್ತಿ ನೋಡ್ತಿದ್ದೆ. ಬಿಡಕ್ಕೆ ಮನಸ್ಸು ಬರಲಿಲ್ಲ. ತಪ್ಪಾಯ್ತು."

ಯಜಮಾನರು ಕಂಬದ ಆದೇಶವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿ, ಇದಕ್ಕೆ ಅಡ್ಡಿಯಾಗುವಂಥದ್ದೇನೂ ಅದರಲ್ಲಿಲ್ಲ ಎಂದು ಒಪ್ಪಿದರು. ಹನ್ನೆರಡು ಗಂಟೆಯ ಹೊತ್ತಿಗೆ ಮೊದಲನೆಯ ಖಾನೆಯಲ್ಲಿ ಯಜಮಾನರು, ಎಂಟನೆಯದರಲ್ಲಿ ಚುಕ್ಕಿಯಕ್ಕ. ಟೋಪಿಯ ಕೆಳಗಿನ ಓರೆನಗು ಫಲಕದಿಂದ ಹೋಯಿತು. ಅದನ್ನು ಅಳಿಸುವಾಗ ಅವಳು ಒಂದೊಂದೇ ಸಾಲು ಅಳಿಸಿದಳು, ಬಾಯಿಯ ಸಾಲನ್ನು ಕೊನೆಗೆ.

ಹನ್ನೆರಡೂವರೆಗೆ ಊಟದ ಗಂಟೆ. ಕಾವಲುಗಾರ ಗೇಟಿಗೆ ಬೀಗ ಹಾಕಿ ಅಭ್ಯಾಸದಂತೆ ಫಲಕದ ಮುಂದೆ ನಿಂತ. ಗುಂಡಿ ಒತ್ತಿದ. ಏನೂ ಮೂಡಲಿಲ್ಲ. ಅವನು ತನ್ನ ಡಬ್ಬಿ ತೆಗೆದುಕೊಂಡು ಬಿಸಿಲಿನಲ್ಲಿದ್ದ ಸ್ಟೂಲಿನ ಕಡೆ ಹೊರಟ.

"ಯಾರು ಬೇಕಾಗಿತ್ತು?" ಎಂಬ ದನಿ ಸರಕಿನ ಬಾಗಿಲಿನಿಂದ ಬಂತು. ಚುಕ್ಕಿಯಕ್ಕ ಚೀಟಿಯ ಪುಸ್ತಕ ಹಿಡಿದು ನಿಂತಿದ್ದಳು. "ತಕ್ಕಡಿ ಹತ್ತಿ."

ಅವನು ಹತ್ತಿದ. ಅವಳು ಬಿಗುಮಾನದಿಂದ ಬರೆದಳು. ವಸ್ತು: ಗಂಡ. ಸಂಖ್ಯೆ: ಒಂದು. ಸ್ಥಿತಿ: ಹಳೆಯದು, ಮೇಲ್ಭಾಗ ಸವೆದಿದೆ, ನಡೆಯುತ್ತದೆ. ತೂಕ: ಅರವತ್ತೊಂಬತ್ತು ಕಿಲೋ, ಡಬ್ಬಿ ಸಮೇತ. ಕೊನೆಯ ಕಾಲಮಿಗೆ ಬಂದಳು.

"ಅದನ್ನ ಖಾಲಿ ಬಿಡು," ಎಂದ ಅವನು. "ಮೂವತ್ತು ದಿನ ಇದೆಯಲ್ಲ, ಆಮೇಲೆ ನೋಡೋಣ."

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. 'ಯಾವುದಕ್ಕೆ ಜೋಡಣೆ' ಎಂಬಲ್ಲಿ 'ನನಗೆ' ಎಂದು, ಕೆಳಗಿನ ಮೂರು ಪ್ರತಿಗೂ ಮೂಡುವಂತೆ ಒತ್ತಿ ಬರೆದು, ಹರಿದು ಅವನ ಕೈಗೆ ಕೊಟ್ಟಳು. ಅವನು ಚೀಟಿಯನ್ನು ಓದಿದ. ಟೋಪಿಯೊಳಗೆ ಮಡಚಿಟ್ಟುಕೊಂಡ. ಬಾಯಿಯ ಬಲತುದಿ ತಾನಾಗಿಯೇ ಮೇಲಕ್ಕೆ ಹೋಯಿತು, ಈಗ ಯಾವ ಆದೇಶವೂ ಇಲ್ಲದಿದ್ದರೂ.

ಉಗ್ರಾಣದ ಜಗಲಿಯ ನೆರಳಿನಲ್ಲಿ ಇಬ್ಬರೂ ಕೂತು ಡಬ್ಬಿ ಬಿಚ್ಚಿದರು. ಊಟ ಮುಗಿದ ಮೇಲೆ ಅವಳು ಸೆರಗಿನ ಮರೆಯಿಂದ ಎರಡು ಬಾಳೆಹಣ್ಣು ತೆಗೆದು ಅವನ ಮುಂದಿಟ್ಟಳು.

"ಬೇಡ ಕಣೇ, ಇನ್ನೂರ ನಲವತ್ತು ಗ್ರಾಂ ಜಾಸ್ತಿ ಬರತ್ತೆ. ಹೊರಗೆ ಬಿಡಲ್ಲ."

"ಚಪ್ಪಲಿ ಬಿಟ್ಟು ಬನ್ನಿ," ಎಂದಳು ಚುಕ್ಕಿಯಕ್ಕ, ಒಂದನ್ನು ಸುಲಿದು ಅವನ ಕೈಗಿಡುತ್ತ. "ಬಿಸಿನೀರು ನಾನು ಕಾಯಿಸ್ತೀನಿ."